ಬಾಬ್‌ನ ಸ್ನೇಹ ಬೇಕಿದ್ದರೆ

ಪುಟ್ಟಿ, ನಿನ್ನ ದ್ವೀಪದ ಖಾಲಿ ಜಾಗಕ್ಕೆ ಬೆಕ್ಕು ಬಾಬ್ ಬಂದನೆಂದು ನಿನ್ನಮ್ಮ ಹೇಳಿದಳು. ನನಗೆ ಬಲು ಸಂತೋಷವಾಯಿತು. 'ಅನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್' ಆಟದಲ್ಲಿ ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ. ಒಂದು ದ್ವೀಪ, ಹೆಚ್ಚೆಂದರೆ ಹತ್ತು ಜನ ನೆರೆಯವರು, ಅವರೊಡನೆ ನೀನು, ಅಷ್ಟೇ. ಆ ಹತ್ತು ಜನರಲ್ಲಿ ಬೆಕ್ಕೊಂದು ಇದ್ದರೆ ದ್ವೀಪದ ಕಳೆಯೇ ಬೇರೆ. ಆದರೆ ಪಕ್ಕದಲ್ಲಿ ಮನೆ ಕಟ್ಟಿಕೊಂಡ ಮಾತ್ರಕ್ಕೆ ಯಾರೂ ನಮ್ಮವರಾಗುವುದಿಲ್ಲ ಅಲ್ಲವೇ? ಈ ಆಟವನ್ನು ಬಹುಕಾಲದಿಂದ ಆಡುತ್ತಾ ಬಂದಿರುವ ದೊಡ್ಡಮ್ಮನಾಗಿ ನಾಲ್ಕು ಮಾತು ಬರೆದಿಟ್ಟಿದ್ದೇನೆ. ಬೇಕಾದಾಗ ಓದಿಕೊ.

• ಮೊದಲು ಅವನ ಸ್ವಭಾವ ತಿಳಿದುಕೊ. ಈ ಆಟದ ನೆರೆಯವರಿಗೆ ಎಂಟು ಬಗೆಯ ಸ್ವಭಾವಗಳಿವೆ. ಬಾಬ್ ಸೋಮಾರಿಗಳ ಪಂಗಡದವನು. ನೇರಳೆ ಮೈ, ಅರೆನಿದ್ದೆಯ ಮುಖ, ಬಾಯಿ ತೆರೆದರೆ ತಿಂಡಿಯ ಮಾತು. ತನ್ನ ಮನೆಯ ನೆಲದಡಿಯಲ್ಲಿ ಹುಳುಗಳಿವೆ, ಅವು ತನ್ನೊಡನೆ ಮಾತಾಡುತ್ತವೆ ಎಂದೂ ಹೇಳುತ್ತಾನೆ. ಅದನ್ನು ಕೇಳಿ 'ಇದೇನು ಹುಚ್ಚು' ಎಂದುಕೊಂಡು ಮುಂದಕ್ಕೆ ಓಡಬೇಡ. ಅವನ ಲೋಕವಿರುವುದೇ ಹಾಗೆ. ಅವನಿಂದ ಚುರುಕಿನ ಮಾತು, ಗಂಭೀರ ಸಲಹೆ ಬಯಸಿದರೆ ನಿನಗೂ ಬೇಸರ, ಅವನಿಗೂ ಅನ್ಯಾಯ. 2001ರಲ್ಲಿ ಜಪಾನಿನಲ್ಲಿ ಬಂದ ಮೊದಲ ಆಟದಿಂದಲೂ ಅವನು ಹೀಗೆಯೇ ಇದ್ದಾನೆ, ಇನ್ನು ನಿನಗೋಸ್ಕರ ಬದಲಾಗುತ್ತಾನೆಯೇ?

• ಅವನ ಹೊತ್ತು ನೋಡಿಕೊಂಡು ಹೋಗು. ಈ ಆಟದ ಗಡಿಯಾರ ನಮ್ಮ ಗೋಡೆಯ ಗಡಿಯಾರದ ಜೊತೆಗೇ ಓಡುತ್ತದೆ. ಇಲ್ಲಿ ಸಂಜೆಯಾದರೆ ಅಲ್ಲಿಯೂ ಸಂಜೆ. ಬಾಬ್ ಬೆಳಿಗ್ಗೆ 8ರ ಹೊತ್ತಿಗೆ ಏಳುತ್ತಾನೆ, ರಾತ್ರಿ 11ಕ್ಕೆಲ್ಲ ಮಲಗಿಬಿಡುತ್ತಾನೆ. ಶಾಲೆಗೆ ಹೊರಡುವ ಮುಂಚೆ, ಆರು ಗಂಟೆಗೆ ಹೋಗಿ ಬಾಗಿಲು ತಟ್ಟಿದರೆ ತೆರೆಯುವುದಿಲ್ಲ. ದೀಪ ಆರಿದ ಮನೆಯ ಮುಂದೆ ನಿಂತು ನನಗೆ ಫೋನ್ ಮಾಡಬೇಡ. ಶಾಲೆ ಮುಗಿಸಿ, ತಿಂಡಿ ತಿಂದು, ಹೋಂವರ್ಕ್ ಆದ ಮೇಲೆ ಹೋಗು. ಆ ಹೊತ್ತಿಗೆ ಅವನು ಎಲ್ಲೋ ಮರದ ಬುಡದಲ್ಲಿ ಕೂತಿರುತ್ತಾನೆ, ಇಲ್ಲವೇ ಮನೆಯೊಳಗೆ ಏನೋ ಕುಟ್ಟುತ್ತಾ ತಯಾರಿಸುತ್ತಿರುತ್ತಾನೆ. ಹಾಗೆ ತಯಾರಿಸುವಾಗ ಸಿಕ್ಕಿದರೆ ಮಾತಾಡದೆ ಬರಬೇಡ, ಅದನ್ನು ಮಾಡುವ ವಿಧಾನವನ್ನು ನಿನಗೂ ಬರೆದುಕೊಡುತ್ತಾನೆ.

• ದಿನಕ್ಕೊಮ್ಮೆ ಮಾತಾಡಿಸು. ಎರಡು ಸಲವಾದರೂ ಸರಿ, ಅದಕ್ಕಿಂತ ಹೆಚ್ಚು ಬೇಡ. ದಿನದ ಮೊದಲ ಮಾತಿಗೆ ಆಟ ತನ್ನ ಲೆಕ್ಕದಲ್ಲಿ ಒಂದು ಸ್ನೇಹದ ಅಂಕ ಸೇರಿಸುತ್ತದೆ. ಮೇಲಿಂದ ಮೇಲೆ ಅವನ ಮುಂದೆ ಹೋಗಿ ಗುಂಡಿ ಒತ್ತುತ್ತಿದ್ದರೆ ಹೇಳಿದ್ದನ್ನೇ ಹೇಳುತ್ತಾನೆ, ಆಮೇಲೆ ಮುಖ ಸಿಂಡರಿಸುತ್ತಾನೆ. ನಮ್ಮ ಮನೆಯ ಬೆಕ್ಕನ್ನು ನೀನೇ ನೋಡಿದ್ದೀಯಲ್ಲ, ಎಳೆದು ತೊಡೆಯ ಮೇಲೆ ಕೂರಿಸಿದರೆ ಜಾರಿಕೊಂಡು ಹೋಗುತ್ತದೆ, ಸುಮ್ಮನಿದ್ದರೆ ತಾನೇ ಬಂದು ಮಲಗುತ್ತದೆ. ಬಾಬ್ ಕೂಡ ಹಾಗೆಯೇ. ಆಟದ ದಿನ ಬೆಳಗಿನ 5ಕ್ಕೆ ಹೊಸದಾಗುತ್ತದೆ. ನಾಳೆಯ ಮಾತನ್ನು ನಾಳೆಗೇ ಬಿಡು.

• ಅವನು ಬೇರೆಯವರೊಡನೆ ಮಾತಾಡುವುದನ್ನು ಕೇಳಿಸಿಕೊ. ಚೌಕದಲ್ಲೋ ಸೇತುವೆಯ ಹತ್ತಿರವೋ ಇಬ್ಬರು ನೆರೆಯವರು ಎದುರುಬದುರು ನಿಂತು ಹರಟುತ್ತಿದ್ದರೆ ಹತ್ತಿರ ಹೋಗು, ಅವರ ಮಾತು ನಿನಗೂ ಕೇಳಿಸುತ್ತದೆ. ಬಾಬ್‌ಗೂ ಒಬ್ಬ ವ್ಯಾಯಾಮದ ಹುಚ್ಚಿನವನಿಗೂ ಮಾತು ಹತ್ತಿದರೆ, ಒಬ್ಬ ತಿಂಡಿಯ ಕಡೆ ಎಳೆಯುತ್ತಾನೆ, ಇನ್ನೊಬ್ಬ ಓಟದ ಕಡೆ. ಅವನು ಎಂಥವನೆಂದು ನಿನ್ನ ಜೊತೆಗಿನ ಮಾತಿಗಿಂತ ಅಲ್ಲಿ ಹೆಚ್ಚು ತಿಳಿಯುತ್ತದೆ. ನಾನು ಈ ಆಟದಲ್ಲಿ ತುಂಬಾ ಪ್ರೀತಿಸುವುದು ಇದನ್ನೇ. ನಾವಿಲ್ಲದಿದ್ದರೂ ಅವರಿಗೊಂದು ಬದುಕಿದೆ ಎನ್ನಿಸುತ್ತದೆ.

• ಉಡುಗೊರೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಮೊದಲ ದಿನವೇ ಕೊಡಲು ಆಗುವುದಿಲ್ಲ. ಸ್ವಲ್ಪ ಒಡನಾಟ ಬೆಳೆದ ಮೇಲೆ, ಮಾತಿನ ನಡುವೆ ಕೊಡುವ ಅವಕಾಶ ತಾನಾಗಿ ಕಾಣಿಸಿಕೊಳ್ಳುತ್ತದೆ. ದಿನಕ್ಕೆ ಒಂದೇ ಉಡುಗೊರೆ. ನೂಕ್ಸ್ ಕ್ರ್ಯಾನಿ ಅಂಗಡಿಯಲ್ಲಿ ಸುತ್ತುವ ಕಾಗದ ಸಿಗುತ್ತದೆ, ಅದರಲ್ಲಿ ಸುತ್ತಿ ಕೊಡು. ಅದೇ ವಸ್ತುವಾದರೂ ಸುತ್ತಿ ಕೊಟ್ಟರೆ ಹೆಚ್ಚು ಸಂತೋಷ. ಬಟ್ಟೆ ಕೊಡುವುದಾದರೆ ನೆನಪಿಟ್ಟುಕೊ, ಪ್ರತಿಯೊಬ್ಬರಿಗೂ ಮೆಚ್ಚಿನ ಎರಡು ಬಣ್ಣಗಳು, ಮೆಚ್ಚಿನ ಎರಡು ಶೈಲಿಗಳು ಇವೆ. ಅವನು ದಿನವೂ ಏನು ತೊಡುತ್ತಾನೆ, ಮನೆಯ ಗೋಡೆಗೆ ಯಾವ ಬಣ್ಣ ಎಂದು ನೋಡಿದರೆ ಅಂದಾಜು ಸಿಗುತ್ತದೆ. ನೀನು ಕೊಟ್ಟ ಅಂಗಿಯನ್ನು ಅವನು ನಿಜವಾಗಿ ತೊಟ್ಟುಕೊಂಡು ಊರೆಲ್ಲ ಓಡಾಡುತ್ತಾನೆ. ಆದ್ದರಿಂದ ನಿನಗೆ ಬೇಡವಾದ ಬಟ್ಟೆಯನ್ನು ಅವನ ತಲೆಗೆ ಕಟ್ಟಬೇಡ. ದಿನವೂ ನೋಡಬೇಕಾದವಳು ನೀನೇ.

• ಪೀಠೋಪಕರಣ ಕೊಡುವಾಗ ಇನ್ನೂ ಎಚ್ಚರ. ಕುರ್ಚಿ, ಮೇಜು, ಹಿಡಿದ ಮೀನು, ಚಿಟ್ಟೆ ಇಂಥವನ್ನು ಕೊಟ್ಟರೆ ಮನೆಯೊಳಗೆ ತಂದಿಟ್ಟುಕೊಳ್ಳುತ್ತಾನೆ, ಮೊದಲಿದ್ದ ಚೆಂದದ ವಸ್ತು ಹೊರಹೋಗುತ್ತದೆ. ಬೆಕ್ಕುಗಳ ಮನೆಗಳನ್ನು ಎಷ್ಟು ಪ್ರೀತಿಯಿಂದ ಮಾಡಿದ್ದಾರೆ ಗೊತ್ತೇ? ಕಾಬುಕಿಯ ಮನೆಗೆ ಹೋದರೆ ಹಳೆಯ ಜಪಾನೀ ಮನೆಗೆ ಹೋದಂತೆ, ಆಂಕಾಳ ಮನೆಯಲ್ಲಿ ಪ್ರಾಚೀನ ಈಜಿಪ್ಟ್. ಒಂದು ಮನೆಯ ಒಪ್ಪ ಕೆಡಿಸುವುದು ಸುಲಭ, ತಿರುಗಿ ಸರಿಮಾಡುವುದು ಕಷ್ಟ. ನನ್ನ ಮಾತು ಕೇಳಿದರೆ ಹಣ್ಣು ಕೊಡು. ನಿನ್ನ ದ್ವೀಪದಲ್ಲಿ ಬೆಳೆಯದ ಹಣ್ಣನ್ನು ಬೇರೆ ದ್ವೀಪದಿಂದ ತಂದು ನೆಟ್ಟುಕೊ, ಮರ ಬೆಳೆದ ಮೇಲೆ ಖರ್ಚೂ ಇಲ್ಲ, ಅವನ ಮನೆಗೆ ತೊಂದರೆಯೂ ಇಲ್ಲ. ಅದೂ ಅಲ್ಲದೆ ಬಾಬ್‌ನಂಥ ತಿಂಡಿಪೋತನಿಗೆ ಹಣ್ಣಿಗಿಂತ ಬೇರೇನು ಬೇಕು!

• ಹುಷಾರಿಲ್ಲದಾಗ ಹೋಗಿ ನೋಡು. ಒಂದೊಂದು ದಿನ ಅವನು ಹೊರಗೆಲ್ಲೂ ಕಾಣಿಸುವುದಿಲ್ಲ. ಮನೆಗೆ ಹೋದರೆ ಮಂಕಾಗಿ ಇರುತ್ತಾನೆ. ನೂಕ್ಸ್ ಕ್ರ್ಯಾನಿಯಲ್ಲಿ ಔಷಧಿ ಆಟದ ದುಡ್ಡಿನಲ್ಲಿ 400 ಬೆಲ್ಸ್‌ಗೆ ಸಿಗುತ್ತದೆ. ಕಣಜದ ಗೂಡು ಒಂದು, ಕಿತ್ತ ಕಳೆ ಮೂರು ಹಿಡಿ ಇದ್ದರೆ ಮನೆಯಲ್ಲೇ ತಯಾರಿಸಬಹುದು. ಒಂದೆರಡು ಸದಾ ಜೊತೆಯಲ್ಲಿರಲಿ. ಸ್ನೇಹ ಗಟ್ಟಿಯಾಗಲು ಇದರಷ್ಟು ಒಳ್ಳೆಯ ಸಂದರ್ಭ ಮತ್ತೊಂದಿಲ್ಲ.

• ಬಲೆಯಿಂದ ಹೊಡೆಯಬೇಡ. ತಮಾಷೆಗೂ ಬೇಡ. ಬಲೆಯಲ್ಲಿ ಹೊಡೆದರೆ, ದೂಕಿಕೊಂಡು ಓಡಿದರೆ ಅವನಿಗೆ ಸಿಟ್ಟು ಬರುತ್ತದೆ, ಬೆಳೆದ ಸ್ನೇಹ ಕುಗ್ಗುತ್ತದೆ. ಬಲೆ ಬೀಸಬಹುದಾದ ಸಂದರ್ಭ ಒಂದೇ. ಬೇಸಿಗೆ ಮಳೆಗಾಲಗಳಲ್ಲಿ ಕೆಲವೊಮ್ಮೆ ನೆರೆಯವರ ತಲೆಯ ಮೇಲೆ ಸಣ್ಣ ಕಪ್ಪು ಚುಕ್ಕೆ ಪುಟಿಯುತ್ತಿರುತ್ತದೆ, 'ತುರಿಕೆ ತಡೆಯಲಾಗುತ್ತಿಲ್ಲ' ಎಂದು ಅವರೂ ಹೇಳುತ್ತಾರೆ. ಅದು ಚಿಗಟ. ಆಗ ಬಲೆ ಬೀಸಿ ಚಿಗಟ ಹಿಡಿದುಬಿಡು. ಅದಕ್ಕೆ ಅವರು ಧನ್ಯವಾದ ಹೇಳುತ್ತಾರೆ.

• ಅವನಿಗೆ ಮಾತು ಕಲಿಸುವ ದಿನ ಬರುತ್ತದೆ. ಪ್ರತಿಯೊಬ್ಬರ ಮಾತಿನ ಕೊನೆಯಲ್ಲೂ ಒಂದು ರೂಢಿಪದ ಇರುತ್ತದೆ. ಬಾಬ್‌ನದು ತುಟಿ ನಡುಗಿಸಿ ಗಾಳಿ ಬಿಟ್ಟಂತಹ ಒಂದು ಸದ್ದು. ಸ್ನೇಹ ಬೆಳೆದಾಗ ಅವನೇ ಬಂದು, 'ಇದನ್ನು ಬದಲಿಸೋಣವೇ?' ಎಂದು ಕೇಳುತ್ತಾನೆ. ಹಾಗೆಯೇ ನಿನ್ನನ್ನು ಕರೆಯಲು ಒಂದು ಅಡ್ಡಹೆಸರನ್ನೂ ಇಡುತ್ತಾನೆ. ಆಟದಲ್ಲಿ ಕನ್ನಡ ಲಿಪಿ ಇಲ್ಲ, ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು. ನಾನು ನನ್ನ ದ್ವೀಪದ ಬೆಕ್ಕಿಗೆ 'ಮಾರಾಯ' ಎಂದು ಕಲಿಸಿದೆ. ಒಬ್ಬರ ಪದ ಇನ್ನೊಬ್ಬರ ಬಾಯಿಗೂ ಹೋಗುತ್ತದೆ ಎಂಬುದು ನೆನಪಿರಲಿ. ಸ್ವಲ್ಪ ದಿನದಲ್ಲಿ ಕೋಳಿ, ಕರಡಿ ಎಲ್ಲವೂ ಮಾರಾಯ ಮಾರಾಯ ಎನ್ನತೊಡಗುತ್ತವೆ. ಹಾಗಾಗಿ ಬೈಗುಳ ಕಲಿಸಬೇಡ. ಮನೆಗೆ ಬಂದ ನೆಂಟರ ಮುಂದೆ ಮಕ್ಕಳು ಆಡಬಾರದ ಮಾತನ್ನು ದ್ವೀಪಕ್ಕೆ ಬಂದವರ ಮುಂದೆ ಬೆಕ್ಕೂ ಆಡಬಾರದು.

• ಕನ್ನಡ ಲಿಪಿ ಬೇಕೇ ಬೇಕೆಂದರೆ ದಾರಿಯಿದೆ. ಆಟದಲ್ಲಿ ಸ್ವಂತ ವಿನ್ಯಾಸ ಬಿಡಿಸಲು 32 ಅಡ್ಡ 32 ಉದ್ದ ಚೌಕಗಳ ಹಾಳೆ ಕೊಡುತ್ತಾರೆ. ರಂಗೋಲಿಯ ಅಭ್ಯಾಸವಿರುವ ನಿನಗೆ ಅದೇನು ಮಹಾ. ಬಟ್ಟೆಯ ಮಾದರಿಯಲ್ಲಿ ಒಂದು ದೊಡ್ಡ 'ಅ' ಬರೆದು, ಏಬಲ್ ಸಹೋದರಿಯರ ಬಟ್ಟೆ ಅಂಗಡಿಯಲ್ಲಿ ಪ್ರದರ್ಶನಕ್ಕಿಡು. ಅಲ್ಲಿಟ್ಟ ವಿನ್ಯಾಸವನ್ನು ನೆರೆಯವರು ತಾವಾಗಿ ತೊಡುವುದುಂಟು. ಬಾಬ್ 'ಅ' ತೊಟ್ಟು ಬಂದ ದಿನ ನನಗೊಂದು ಫೋಟೊ ಕಳಿಸು.

• ಇನ್ನು ರೇಮಂಡ್ ಎಂಬ ಬೆಕ್ಕಿನ ವಿಷಯ. ನಿನ್ನ ಗೆಳತಿಯರೆಲ್ಲ ರೇಮಂಡ್ ಬೇಕು, ರೇಮಂಡ್ ಬೇಕು ಎನ್ನುತ್ತಾರೆಂದು ನನಗೆ ಗೊತ್ತು. ಒಂದು ಕಣ್ಣು ಹಸಿರು, ಒಂದು ಕಂದು, ಮೇಲೊಂದು ಕನ್ನಡಕ, ಮನೆಯೇ ಆಫೀಸಿನಂತೆ. ಚೆಲುವ, ಇಲ್ಲವೆನ್ನುವುದಿಲ್ಲ. 2020ರ ಮಾರ್ಚ್ 20ರಂದು ಈ ಆಟ ಬಿಡುಗಡೆಯಾದ ಹೊಸತರಲ್ಲಿ ಕೊರೊನಾ ಕಾರಣ ಜಗತ್ತಿನ ಅರ್ಧ ಜನ ಮನೆಯೊಳಗೇ ಕೂತಿದ್ದರು. ಆ ದಿನಗಳಲ್ಲಿ ರೇಮಂಡ್‌ಗಾಗಿ ಜನ ನೂಕ್ ಮೈಲ್ಸ್ ಟಿಕೆಟ್‌ಗಳನ್ನು ರಾಶಿ ರಾಶಿ ಕೊಟ್ಟರು, ನಿಜವಾದ ದುಡ್ಡನ್ನೂ ಕೊಟ್ಟರು. ಅವನೇಕೆ ಅಷ್ಟು ಅಪರೂಪ ಅಂತ ಕೇಳು. ಟಿಕೆಟ್ ಕೊಟ್ಟು ಬೇರೆ ದ್ವೀಪಕ್ಕೆ ಹೋದಾಗ ಅಲ್ಲಿ ಯಾರು ಸಿಗಬೇಕೆಂದು ಆಟ ಎರಡು ಹಂತದಲ್ಲಿ ಆರಿಸುತ್ತದೆ. ಮೊದಲು ಪ್ರಾಣಿಯ ಜಾತಿ, ಆಮೇಲೆ ಆ ಜಾತಿಯೊಳಗೆ ಒಬ್ಬರು. ಒಟ್ಟು 35 ಜಾತಿ. ಬೆಕ್ಕುಗಳೇ 23. ಎಂದರೆ ಇಂಥದ್ದೇ ಬೆಕ್ಕು ಸಿಗುವ ಸಾಧ್ಯತೆ ಹೆಚ್ಚುಕಡಿಮೆ 805ರಲ್ಲಿ ಒಂದು. ಒಂದೊಂದು ಟಿಕೆಟ್‌ಗೂ ಆಟದಲ್ಲಿ ಗಳಿಸಿದ 2,000 ಮೈಲ್ಸ್ ಬೇಕು. ಲೆಕ್ಕ ನೀನೇ ಹಾಕು. ಅದಲ್ಲದೆ ಈ ಆಟದಲ್ಲಿ ಹೊಸದಾಗಿ ಬಂದವನಾದ್ದರಿಂದ ನೆರೆಯವರನ್ನು ದ್ವೀಪಕ್ಕೆ ಕರೆಸಲು ಬಳಸುವ ಅಮೀಬೊ ಕಾರ್ಡ್ ಕೂಡ ಅವನದು 2021ರ ನವೆಂಬರ್‌ವರೆಗೆ ಇರಲಿಲ್ಲ.

• ಈ ಲೆಕ್ಕವನ್ನು ಹೇಳಿದ್ದಕ್ಕೆ ಕಾರಣವಿದೆ. ಹೆಸರುವಾಸಿ ಬೆಕ್ಕಿಗೆ ಜಾಗ ಮಾಡಲೆಂದು ಇದ್ದವರನ್ನು ಓಡಿಸಲು ಹೊರಟವರನ್ನು ನಾನು ಬಲ್ಲೆ. ಬಲೆಯಿಂದ ಬಡಿಯುವುದು, ಮನೆಯ ಸುತ್ತ ಬೇಲಿ ಹಾಕುವುದು, ದ್ವೀಪದ ಕಚೇರಿಯ ಇಸಬೆಲ್‌ಳ ಹತ್ತಿರ ದೂರು ಕೊಡುವುದು. ದೂರು ಕೊಟ್ಟರೆ ಯಾರೂ ಊರು ಬಿಡುವುದಿಲ್ಲ, ಅವರ ಬಟ್ಟೆಯನ್ನೋ ಮಾತನ್ನೋ ಇಸಬೆಲ್ ಮೊದಲಿನಂತೆ ಮಾಡಿಸುತ್ತಾಳೆ ಅಷ್ಟೇ. ಹೋಗಲಿ, ಓಡಿಸಲು ಆಗುತ್ತಿದ್ದರೂ ಹಾಗೆ ಮಾಡಬಹುದೇ? ತೆರೆಯ ಮೇಲಿನ ಗೊಂಬೆ ಎಂದೇ ಇಟ್ಟುಕೊ. ನೋಯಿಸುತ್ತಿರುವ ಕೈ ಮಾತ್ರ ನಮ್ಮದೇ. ಬಾಬ್ ಹುಡುಕದೆ ಬಂದವನು. ಅವನನ್ನು ಚೆನ್ನಾಗಿ ನೋಡಿಕೊ.

• ಬೇರೆ ಬೆಕ್ಕು ಬಂದರೆ ಇದೇ ಮದ್ದು ನಡೆಯುತ್ತದೆ ಎಂದುಕೊಳ್ಳಬೇಡ. ಲಾಲಿ, ಮಿಟ್ಜಿ ಮೃದು ಸ್ವಭಾವದವರು, ಬೇಗ ಹೊಂದಿಕೊಳ್ಳುತ್ತಾರೆ. ರೋಸಿಗೂ ಟ್ಯಾಂಜಿಗೂ ಎಲ್ಲದರಲ್ಲೂ ಸಡಗರ. ಕಿಡ್ ಕ್ಯಾಟ್, ರೂಡಿ, ಸ್ಟಿಂಕಿ ಮೈ ಹುರಿಗೊಳಿಸುವ ಮಾತು ಬಿಟ್ಟು ಬೇರೆ ಆಡುವುದಿಲ್ಲ. ಆಂಕಾ ಮೊದಮೊದಲು ಬಿಗುಮಾನದಿಂದಿರುತ್ತಾಳೆ. ಟಾಮ್, ಕಾಬುಕಿ ಮುಂಗೋಪಿಗಳು. ಈ ಮುಂಗೋಪಿಗಳನ್ನು ಕಂಡು ಹಿಂದೆ ಸರಿಯಬೇಡ. ಮಾತು ಒರಟು, ಆದರೆ ಹಳಬರಾದಂತೆ ಅವರ ಮಾತಿನಲ್ಲಿ ಬರುವ ಅಕ್ಕರೆ ಬೇರೆಯವರಲ್ಲಿಲ್ಲ. ಅವರು ರಾತ್ರಿ ಬಹಳ ಹೊತ್ತು ಎದ್ದಿರುತ್ತಾರೆ, ರಜೆಯಲ್ಲಿ ನಿದ್ದೆ ಬಾರದಿದ್ದರೆ ಅವರ ಮನೆಯಲ್ಲಿ ದೀಪ ಇರುತ್ತದೆ.

• ಅಂಕ ಎಣಿಸುತ್ತಾ ಕೂರಬೇಡ. ಆಟದ ಒಳಗೆ ಸ್ನೇಹಕ್ಕೆ ಅಂಕಗಳಿರುವುದು ನಿಜ. 25ರಿಂದ ಶುರುವಾಗಿ 255ರವರೆಗೆ ಹೋಗುತ್ತದೆ, 150 ದಾಟಿದ ಮೇಲೆ ಉಡುಗೊರೆಗೆ ಪ್ರತಿಯಾಗಿ ತನ್ನ ಫೋಟೊ ಕೊಡುವ ಸಾಧ್ಯತೆಯಿದೆ. ಆದರೆ ಮಾಡಿದವರು ಆ ಅಂಕವನ್ನು ತೆರೆಯ ಮೇಲೆ ಎಲ್ಲಿಯೂ ತೋರಿಸಿಲ್ಲ. ನೋಡಬೇಕೆಂದು ಅವರಿಗೆ ಅನ್ನಿಸಿದ್ದರೆ ತೋರಿಸುತ್ತಿದ್ದರು. ಫೋಟೊ ಬಂದ ದಿನ ಗೊತ್ತಾಗುತ್ತದೆ ಬಿಡು. ಬಂದರೆ ನಿನ್ನ ಮನೆಯಲ್ಲಿ, ಬಾಗಿಲು ತೆರೆದೊಡನೆ ಕಾಣುವ ಕಡೆ ಇಡು. 2021ರ ನವೆಂಬರ್‌ನಲ್ಲಿ ಬಂದ ಹೊಸ ಆವೃತ್ತಿಯ ನಂತರ ನೆರೆಯವರು ನಮ್ಮ ಮನೆಗೂ ಬರುತ್ತಾರೆ. ತಾನು ಕೊಟ್ಟದ್ದು ಎಲ್ಲಿದೆ ಎಂದು ಬಂದವನಿಗೆ ಕಾಣಲಿ.

• ತಲೆಯ ಮೇಲೆ ಯೋಚನೆಯ ಗುಳ್ಳೆ ಕಂಡರೆ ಕೂಡಲೇ ಹೋಗಿ ಮಾತಾಡಿಸು. ಒಂದು ದಿನ ಬಾಬ್ ತಲೆ ಬಗ್ಗಿಸಿಕೊಂಡು ಏನೋ ಯೋಚಿಸುತ್ತಾ ನಡೆಯುತ್ತಿರುತ್ತಾನೆ. ಕೇಳಿದರೆ, ದ್ವೀಪ ಬಿಟ್ಟು ಬೇರೆಡೆಗೆ ಹೋಗೋಣವೇ ಎಂದುಕೊಂಡಿದ್ದೇನೆ ಎನ್ನುತ್ತಾನೆ. ಹೆದರಬೇಡ. ನೀನು ಇರು ಎಂದರೆ ಇರುತ್ತಾನೆ, ಹೋಗು ಎಂದರೆ ಮರುದಿನ ಪೆಟ್ಟಿಗೆ ಕಟ್ಟುತ್ತಾನೆ. ಇರು ಎನ್ನಲು ನಾಚಿಕೆ ಬೇಡ. ಮನುಷ್ಯರ ನಡುವೆಯೂ ಎಷ್ಟೋ ಜನ ಈ ಒಂದು ಮಾತಿಗೆ ಕಾದು, ಯಾರೂ ಹೇಳದೆ ಹೊರಟುಹೋಗುತ್ತಾರೆ. ಆದರೆ ನಿನಗೆ ನಿಜವಾಗಿ ಹೊಸ ನೆರೆಯವರು ಬೇಕೆನ್ನಿಸಿ ಕಳಿಸಿಕೊಡುವುದಾದರೆ ಅದೂ ತಪ್ಪಲ್ಲ. ಪೆಟ್ಟಿಗೆ ಕಟ್ಟುವ ದಿನ ಮನೆಯೊಳಗೆ ಹೋಗಿ ವಿದಾಯ ಹೇಳು. ಹೇಳದೆ ಕಳಿಸಬೇಡ.

• ಪರೀಕ್ಷೆ ಬಂದರೆ ಆಟ ಮುಚ್ಚಿಡು, ಬಾಬ್ ಎಲ್ಲಿಗೂ ಹೋಗುವುದಿಲ್ಲ. ಹಳೆಯ ಆಟಗಳಲ್ಲಿ ನಾವು ಬಹಳ ದಿನ ಹೋಗದಿದ್ದರೆ ನೆರೆಯವರು ತಾವಾಗಿ ಊರು ಬಿಡುತ್ತಿದ್ದರು. ಇದರಲ್ಲಿ ಹಾಗಿಲ್ಲ, ನೀನು ಒಪ್ಪುವವರೆಗೆ ಹೋಗುವುದಿಲ್ಲ. ತಿರುಗಿ ಹೋದಾಗ ದ್ವೀಪದ ತುಂಬ ಕಳೆ ಬೆಳೆದಿರುತ್ತದೆ, ನಿನ್ನ ಮನೆಯಲ್ಲಿ ಜಿರಳೆ ಓಡಾಡುತ್ತವೆ, ನಿನ್ನ ಕೂದಲು ಹಾಸಿಗೆಯಿಂದ ಈಗ ಎದ್ದಂತೆ ಕೆದರಿರುತ್ತದೆ. ಬಾಬ್ ಎಲ್ಲಿದ್ದೆ ಇಷ್ಟು ದಿನ ಎಂದು ಕೇಳುತ್ತಾನೆ. ಅಪರಾಧಿ ಎಂದುಕೊಂಡು ಒಳಗೊಳಗೇ ಕುಗ್ಗಬೇಡ. ಕೇಳುವುದು ಅವನ ಅಕ್ಕರೆ. ಕಳೆ ಕಿತ್ತು, ಜಿರಳೆ ತುಳಿದು, ಹಿಂದಿನಂತೆ ದಿನಕ್ಕೊಮ್ಮೆ ಮಾತಾಡಿಸು.

ಈ ಆಟ ಹುಟ್ಟಿದ್ದೇ ಇಂಥದ್ದೊಂದು ಅಗಲಿಕೆಯಿಂದ. ಇದನ್ನು ಕಲ್ಪಿಸಿದ ಕತ್ಸುಯ ಎಗುಚಿ ಯುವಕನಾಗಿದ್ದಾಗ ಚಿಬಾ ಬಿಟ್ಟು, ನಿಂಟೆಂಡೊ ಕಂಪನಿಯ ಕೆಲಸಕ್ಕಾಗಿ ಕ್ಯೋಟೊಗೆ ಬಂದವರು. ಮನೆಯವರು, ಗೆಳೆಯರು ಹತ್ತಿರವಿರುವುದು ಎಷ್ಟು ದೊಡ್ಡದೆಂದು ಆಗ ಅವರಿಗೆ ತಿಳಿಯಿತಂತೆ. ಮುಂದೆ ಅವರು ಕೆಲಸ ಮುಗಿಸಿ ತಡವಾಗಿ ಮನೆಗೆ ಬರುತ್ತಿದ್ದರು, ಮಕ್ಕಳು ಆಡುವ ಹೊತ್ತಿಗೆ ಜೊತೆಯಾಗಲು ಆಗುತ್ತಿರಲಿಲ್ಲ. ಒಂದೇ ಹೊತ್ತಿನಲ್ಲಿ ಕೂಡಿ ಆಡಲಾಗದ ಮನೆಮಂದಿಯೂ ಒಂದೇ ಊರನ್ನು ಹಂಚಿಕೊಳ್ಳಲಿ ಎಂಬ ಆಸೆ ಇದರಲ್ಲಿದೆ. ನೀನು ಮಧ್ಯಾಹ್ನ ಗಿಡ ನೆಟ್ಟರೆ ನಿನ್ನಮ್ಮ ರಾತ್ರಿ ನೀರು ಹಾಕಬಹುದು. ಅವಳಿಗೂ ಅದೇ ದ್ವೀಪದಲ್ಲಿ ಒಂದು ಮನೆ ಮಾಡಿಕೊಡು. ಅವಳೂ ಬಾಬ್‌ನನ್ನು ಮಾತಾಡಿಸಲಿ. ನಿನ್ನ ಸ್ನೇಹ ಬೇರೆ, ಅವಳ ಸ್ನೇಹ ಬೇರೆ, ಲೆಕ್ಕ ಒಂದಕ್ಕೊಂದು ಸೇರುವುದಿಲ್ಲ.

• ಕಾಗದ ಬರಿ. ವಿಮಾನ ನಿಲ್ದಾಣದಲ್ಲಿ 200 ಬೆಲ್ಸ್ ಕೊಟ್ಟರೆ ಕಾರ್ಡ್ ಸಿಗುತ್ತದೆ, ಜೊತೆಗೆ ಉಡುಗೊರೆಯನ್ನೂ ಇಡಬಹುದು. ಬಾಬ್ ಉತ್ತರ ಬರೆಯುವುದೂ ಉಂಟು. ಏನು ಬರೆದೆ ಎನ್ನುವುದಕ್ಕಿಂತ ಬರೆದೆ ಎನ್ನುವುದೇ ಅವನಿಗೆ ಮುಖ್ಯ, ಆದ್ದರಿಂದ ಏನು ಬರೆಯಲಿ ಎಂದು ತಲೆ ಕೆಡಿಸಿಕೊಳ್ಳಬೇಡ.

• ಹುಟ್ಟುಹಬ್ಬ ಮರೆಯಬೇಡ. ಬಾಬ್‌ನದು ಜನವರಿ 1, ಮರೆಯಲು ನೆವವೇ ಇಲ್ಲ. ಅಂದು ತನ್ನ ಮನೆಯಲ್ಲಿ ಅಲಂಕಾರ ಮಾಡಿ, ಮತ್ತೊಬ್ಬ ನೆರೆಯವನೊಡನೆ ಸಂಭ್ರಮಿಸುತ್ತಿರುತ್ತಾನೆ. ಹಗಲಲ್ಲೇ ಹೋಗು, ಉಡುಗೊರೆ ಹಿಡಿದುಕೊಂಡೇ ಹೋಗು. ಆ ದಿನದ ಉಡುಗೊರೆಗೆ ಬೇರೆ ದಿನಕ್ಕಿಂತ ಹೆಚ್ಚು ತೂಕ. ಸುತ್ತುವ ಕಾಗದವನ್ನು ಹಿಂದಿನ ದಿನವೇ ಕೊಂಡಿಟ್ಟುಕೊ, ನೂಕ್ಸ್ ಕ್ರ್ಯಾನಿ ರಾತ್ರಿ 10ಕ್ಕೆ ಬಾಗಿಲು ಹಾಕುತ್ತದೆ. ನಿನ್ನ ಕಡೆ ಬೆಳೆಯದ ಹಣ್ಣು ಬೇಕಿದ್ದರೆ ಡಿಸೆಂಬರ್ ರಜೆಯಲ್ಲಿ ನನ್ನ ದ್ವೀಪಕ್ಕೆ ಬಾ, ಪೀಚ್ ಮರಗಳಿವೆ, ಎಷ್ಟು ಬೇಕಾದರೂ ಕಿತ್ತುಕೊಂಡು ಹೋಗು.